ಬಸುರಿಯರ ಎದೆಯುರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಎರಡು ಹೆರಿಗೆ ಆದವಳು. ಎರಡು ಸಲವೂ ಆರನೇ ತಿಂಗಳಿಂದ ಮುಂದಕ್ಕೆ ನಡುರಾತ್ರಿ ಎದ್ದು ಗೋಡೆಗೆ ಒರಗಿ ಕೂತವಳು. ಆಗ ನಮ್ಮ ಡಾಕ್ಟರಮ್ಮನ ತಲೆ ತಿಂದು ಕೇಳಿಕೊಂಡದ್ದು, ಆಮೇಲೆ ಓದಿ ತಿಳಿದದ್ದು, ಈಗ ತಂಗಿ, ನಾದಿನಿ, ಆಫೀಸಿನ ಹುಡುಗಿಯರು ಫೋನ್ ಮಾಡಿದಾಗ ಹೇಳುವುದು, ಎಲ್ಲ ಸೇರಿಸಿ ಬರೆದಿದ್ದೇನೆ.

ನನಗೆ ಆಗುತ್ತಿರುವುದು ಎದೆಯುರಿನೇ ಅಂತ ಹೇಗೆ ಗೊತ್ತಾಗುತ್ತೆ?

ಎದೆಯ ನಡುಮಧ್ಯೆ, ಮೂಳೆಯ ಹಿಂದೆ, ಕೆಳಗಿಂದ ಮೇಲಕ್ಕೆ ಏರುವ ಉರಿ. ಕೆಲವರಿಗೆ ಗಂಟಲವರೆಗೂ ಬರುತ್ತದೆ. ಬಾಯಲ್ಲಿ ಹುಳಿನೀರು, ಹುಳಿ ತೇಗು, ಬಗ್ಗಿದರೆ ತಿಂದದ್ದೆಲ್ಲ ಬಾಯಿಗೆ ಬಂದ ಹಾಗೆ. ಊಟ ಆದ ಮೇಲೆ ಮತ್ತು ಮಲಗಿದಾಗ ಜಾಸ್ತಿ.

ನಮ್ಮ ಕಡೆ ಇದಕ್ಕೆ ಆಸಿಡಿಟಿ, ಪಿತ್ತ, ಗ್ಯಾಸ್ ಅಂತ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ, ಎಲ್ಲಕ್ಕಿಂತ ಜಾಸ್ತಿ ಕೇಳಿಸುವುದು 'ಗ್ಯಾಸ್ಟ್ರಿಕ್'. ಈ ಪದದ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಹೊಟ್ಟೆ ಉಬ್ಬರಕ್ಕೂ ಗ್ಯಾಸ್ಟ್ರಿಕ್, ಎದೆಯುರಿಗೂ ಗ್ಯಾಸ್ಟ್ರಿಕ್, ಪಕ್ಕೆಲುಬಿನ ಕೆಳಗಿನ ನೋವಿಗೂ ಗ್ಯಾಸ್ಟ್ರಿಕ್. ಬಸುರಿಗೆ ಈ ಮೂರೂ ಒಂದೇ ಅಲ್ಲ. ಮೂರನೆಯದಂತೂ ಕೆಲವೊಮ್ಮೆ ಪ್ರಾಣಕ್ಕೇ ಬರುತ್ತದೆ. ಅದನ್ನು ಕೆಳಗೆ ಬೇರೆಯಾಗಿ ಬರೆದಿದ್ದೇನೆ, ಬೇರೇನೂ ಓದದಿದ್ದರೂ ಅದೊಂದನ್ನು ಓದಿ.

ಮದುವೆಗೆ ಮುಂಚೆ ಮಿರ್ಚಿ ಬಜ್ಜಿ ಪ್ಲೇಟುಗಟ್ಟಲೆ ತಿಂದವಳು ನಾನು, ಏನೂ ಆಗ್ತಿರಲಿಲ್ಲ. ಈಗ ಬರೀ ಇಡ್ಲಿ ತಿಂದ್ರೂ ಉರಿ. ಯಾಕೆ?

ಎರಡು ಕಾರಣ. ಅನ್ನನಾಳ ಮುಗಿದು ಹೊಟ್ಟೆ ಶುರುವಾಗುವ ಜಾಗದಲ್ಲಿ ಉಂಗುರದ ಹಾಗಿರುವ ಒಂದು ಸ್ನಾಯು ಇದೆ. ಊಟ ಕೆಳಗಿಳಿದ ಮೇಲೆ ಬಿಗಿಯಾಗಿ ಮುಚ್ಚಿಕೊಂಡು ಆಸಿಡ್ ಮೇಲೆ ಬರದ ಹಾಗೆ ತಡೆಯುವುದು ಅದರ ಕೆಲಸ. ಬಸುರಿನಲ್ಲಿ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ತುಂಬಾ ಏರುತ್ತದೆ. ಗರ್ಭಕೋಶ ಹಿಂಡದ ಹಾಗೆ ಅದನ್ನು ಸಡಿಲವಾಗಿ ಇಡುವುದು ಅದರ ಉದ್ದೇಶ, ಆದರೆ ಅದು ಈ ಉಂಗುರವನ್ನೂ ಸಡಿಲ ಮಾಡಿಬಿಡುತ್ತದೆ. ಅದಕ್ಕೇ ಕೆಲವರಿಗೆ ಎರಡನೇ ತಿಂಗಳಿಗೇ, ಹೊಟ್ಟೆ ಕಾಣುವ ಮೊದಲೇ ಉರಿ ಶುರು.

ಎರಡನೆಯದು ಜಾಗದ ಸಮಸ್ಯೆ. ಆರು ಏಳು ತಿಂಗಳಾದ ಮೇಲೆ ಗರ್ಭಕೋಶ ಕೆಳಗಿನಿಂದ ಹೊಟ್ಟೆಯನ್ನು ಮೇಲಕ್ಕೆ ಒತ್ತುತ್ತದೆ. ಬಾಯಿ ಸಡಿಲವಾದ ಚೀಲವನ್ನು ಕೆಳಗಿಂದ ಒತ್ತಿದರೆ ಏನಾಗುತ್ತೆ ಹೇಳಿ? ಅಷ್ಟೇ ಇದು. ನೀವು ತಿಂದ ಇಡ್ಲಿಯ ತಪ್ಪೇನೂ ಇಲ್ಲ. ಇದು ತುಂಬ ಸಾಮಾನ್ಯ, ಕೊನೆಯ ಮೂರು ತಿಂಗಳಲ್ಲಿ ಬಹಳಷ್ಟು ಬಸುರಿಯರಿಗೆ ಎದೆಯುರಿ ಇರುತ್ತದೆ.

ಮಗುವಿಗೆ ಏನಾದ್ರೂ ಆಗುತ್ತಾ?

ಇಲ್ಲ. ಆಸಿಡ್ ನಿಮ್ಮ ಅನ್ನನಾಳಕ್ಕೆ ಬರುತ್ತದೆ, ಮಗುವಿನ ಹತ್ತಿರ ಹೋಗುವುದಿಲ್ಲ. ಮಗು ನೀರಿನ ಚೀಲದಲ್ಲಿ ಹಾಯಾಗಿರುತ್ತದೆ. ತೊಂದರೆ ನಿಮಗೆ: ನಿದ್ದೆ ಇಲ್ಲ, ಊಟ ಅಂದರೇ ಭಯ. ಉರಿಗೆ ಹೆದರಿ ಊಟವನ್ನೇ ಬಿಟ್ಟು ತೂಕ ಏರದೇ ಹೋದರೆ ಆಗ ಮಗುವಿನ ಪ್ರಶ್ನೆ ಬರುತ್ತದೆ. ಅದಕ್ಕೇ 'ಬಸುರಿ ಅಂದ್ಮೇಲೆ ಇದೆಲ್ಲ ಇದ್ದದ್ದೇ, ತಡ್ಕೋ' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಎದೆಯುರಿ ಜಾಸ್ತಿ ಇದ್ರೆ ಮಗುವಿಗೆ ತಲೆತುಂಬ ಕೂದಲು ಅಂತಾರೆ ನಮ್ಮತ್ತೆ. ಸುಳ್ಳು ತಾನೇ?

ನಾನೂ ನಕ್ಕಿದ್ದೆ. ಆದರೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 64 ಬಸುರಿಯರನ್ನು ಹಿಂಬಾಲಿಸಿ, ಮಗು ಹುಟ್ಟಿದ ಮೇಲೆ ತಲೆಗೂದಲು ಎಷ್ಟಿದೆ ಅಂತ ನೋಡಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಎದೆಯುರಿ ಮಧ್ಯಮ ಅಥವಾ ಜೋರಾಗಿದ್ದ 28 ಜನರಲ್ಲಿ 23 ಜನರ ಮಕ್ಕಳಿಗೆ ಸಾಧಾರಣ ಅಥವಾ ಅದಕ್ಕಿಂತ ಜಾಸ್ತಿ ಕೂದಲಿತ್ತು. ಉರಿಯೇ ಇಲ್ಲದ 12 ಜನರಲ್ಲಿ 10 ಜನರ ಮಕ್ಕಳಿಗೆ ಕೂದಲು ಸಾಧಾರಣಕ್ಕಿಂತ ಕಡಿಮೆ, ಇಲ್ಲವೇ ಬೋಳುತಲೆ. ಒಂದೇ ಹಾರ್ಮೋನು ಎರಡಕ್ಕೂ ಕಾರಣ ಇರಬಹುದು ಅಂತ ಅವರ ಊಹೆ. 64 ಜನ ಅಂದರೆ ತುಂಬ ಚಿಕ್ಕ ಲೆಕ್ಕ, ಸರಿ. ಆದರೂ ಅತ್ತೆಯ ಎದುರು ಈ ವಿಷಯದಲ್ಲಿ ವಾದಕ್ಕೆ ಇಳಿಯಬೇಡಿ, ಸೋಲುತ್ತೀರಿ.

ಏನೇನು ತಿನ್ನೋದು ಬಿಡಬೇಕು? ಒಂದು ಪಟ್ಟಿ ಕೊಡಿ.

ಎಲ್ಲರೂ ಪಟ್ಟಿಯೇ ಕೇಳುತ್ತಾರೆ. ನನ್ನ ಅನುಭವದಲ್ಲಿ ಏನು ತಿಂದೆ ಅನ್ನುವುದಕ್ಕಿಂತ ಎಷ್ಟು ತಿಂದೆ, ತಿಂದು ಎಷ್ಟು ಹೊತ್ತಿಗೆ ಮಲಗಿದೆ ಅನ್ನುವುದೇ ಜಾಸ್ತಿ ಕೆಲಸ ಮಾಡುತ್ತದೆ. ಅದೇ ಬಿಸಿಬೇಳೆಬಾತ್ ಮಧ್ಯಾಹ್ನ ಒಂದು ಸಣ್ಣ ಬಟ್ಟಲು ತಿಂದಾಗ ನನಗೆ ಏನೂ ಆಗಲಿಲ್ಲ. ರಾತ್ರಿ ಒಂಬತ್ತೂವರೆಗೆ ತಟ್ಟೆ ತುಂಬ ತಿಂದು ಹತ್ತಕ್ಕೆ ಮಲಗಿದ ದಿನ ಬೆಳಗಿನವರೆಗೆ ಕೂತೇ ಇದ್ದೆ.

ಹಾಗಂತ ಊಟದ ಪಾತ್ರವೇ ಇಲ್ಲ ಅಂತಲ್ಲ. ಕರಿದದ್ದು, ಎಣ್ಣೆ ತೇಲುವ ಪಲ್ಯ, ತುಪ್ಪ ಸುರಿದ ಹೋಳಿಗೆ ಹೊಟ್ಟೆಯಲ್ಲಿ ಜಾಸ್ತಿ ಹೊತ್ತು ಕೂತುಬಿಡುತ್ತವೆ, ಅಷ್ಟು ಹೊತ್ತೂ ಆಸಿಡ್ ಮೇಲೇರಲು ಅವಕಾಶ. ಕಾಫಿ, ಟೀ, ಚಾಕೊಲೇಟ್ ಆ ಉಂಗುರವನ್ನು ಇನ್ನಷ್ಟು ಸಡಿಲ ಮಾಡುತ್ತವೆ. ಪುದೀನಾ ಕೂಡ. ಹೊಟ್ಟೆಗೆ ತಂಪು ಅಂತ ಪುದೀನಾ ನೀರು ಕುಡಿದು ಉರಿ ಜಾಸ್ತಿ ಮಾಡಿಕೊಂಡವರನ್ನು ನೋಡಿದ್ದೇನೆ. ಟೊಮೆಟೊ, ಹುಣಸೆ, ನಿಂಬೆ, ಹಸಿಮೆಣಸು ಕೆಲವರಿಗೆ ಆಗುವುದಿಲ್ಲ, ಕೆಲವರಿಗೆ ಏನೂ ಮಾಡುವುದಿಲ್ಲ. ಉತ್ತರ ಕರ್ನಾಟಕದ ನನ್ನ ಗೆಳತಿ ಒಂಬತ್ತು ತಿಂಗಳೂ ಕೆಂಪು ಖಾರದ ಚಟ್ನಿ ಬಿಡಲಿಲ್ಲ, ಆರಾಮಾಗಿದ್ದಳು. ಅವಳಿಗೆ ಉರಿ ತಂದದ್ದು ಸಂಜೆಯ ಟೀ.

ಅದಕ್ಕೇ ಒಂದು ವಾರ ಕ್ಯಾಲೆಂಡರಿನ ಮೇಲೆ ಬರೆದಿಡಿ: ಏನು ತಿಂದಿರಿ, ಎಷ್ಟು ಗಂಟೆಗೆ, ಉರಿ ಯಾವಾಗ ಬಂತು. ನಿಮ್ಮ ಪಟ್ಟಿ ನಿಮಗೇ ಸಿಗುತ್ತದೆ, ಮತ್ತು ಅದು ಚಿಕ್ಕದಾಗಿರುತ್ತದೆ. ಸುಮ್ನೆ ಎಲ್ಲ ಬಿಟ್ಟು ಬರೀ ಅನ್ನ ಮಜ್ಜಿಗೆಯಲ್ಲಿ ಒಂಬತ್ತು ತಿಂಗಳು ಕಳೆಯಬೇಡಿ.

ಸಾಮಾನ್ಯವಾಗಿ ಹೊಟ್ಟೆಗೆ ಒಗ್ಗುವುದು: ಇಡ್ಲಿ, ಅವಲಕ್ಕಿ, ಮೆತ್ತಗಿನ ಮೊಸರನ್ನ, ರಾಗಿ ಗಂಜಿ, ಸಣ್ಣ ಮುದ್ದೆ ಮತ್ತು ಖಾರ ಕಡಿಮೆ ಇರುವ ಬೇಳೆಸಾರು, ಹೀರೆಕಾಯಿ ಸೋರೆಕಾಯಿ ಪಲ್ಯ, ಬಾಳೆಹಣ್ಣು, ಪರಂಗಿ ಬಿಟ್ಟು ಬೇರೆ ಸಿಹಿಹಣ್ಣು. ಮೊಸರು ಹುಳಿ ಬಂದಿರಬಾರದು ಅಷ್ಟೇ.

ಊಟದ ಹೊತ್ತು ಹೇಗೆ ಹೊಂದಿಸಿಕೊಳ್ಳೋದು?

ಮೂರು ದೊಡ್ಡ ಊಟದ ಬದಲು ಐದಾರು ಸಣ್ಣದು. ಎರಡು ಎರಡೂವರೆ ಗಂಟೆಗೊಮ್ಮೆ ಏನಾದರೂ ಸ್ವಲ್ಪ. ಹೇಳುವುದು ಸುಲಭ, ಕೂಡುಕುಟುಂಬದಲ್ಲಿ ಸೊಸೆಯಾದವಳು ಎಲ್ಲರಿಗೂ ಬಡಿಸಿ ಕೊನೆಗೆ ರಾತ್ರಿ ಹತ್ತಕ್ಕೆ ಕೂತು ಉಣ್ಣುವ ಮನೆಗಳಲ್ಲಿ ಇದು ಆಗುವುದಿಲ್ಲ ಅಂತ ನನಗೂ ಗೊತ್ತು. ಅಂಥ ಮನೆಯವರು ಇದನ್ನು ಓದುತ್ತಿದ್ದರೆ ದಯವಿಟ್ಟು ಕೇಳಿ: ಬಸುರಿಗೆ ಏಳೂವರೆಗೆ ಊಟ ಆಗಿರಲಿ. ಮಲಗುವುದಕ್ಕೆ ಮೂರು ಗಂಟೆ ಮೊದಲು ರಾತ್ರಿ ಊಟ ಮುಗಿಯಬೇಕು. ಯಾವ ಮಾತ್ರೆಗಿಂತಲೂ ಇದು ಮೊದಲು.

ಊಟದ ನಡುವೆ ಚೊಂಬುಗಟ್ಟಲೆ ನೀರು ಕುಡಿಯಬೇಡಿ, ಹೊಟ್ಟೆ ಇನ್ನೂ ಹಿಗ್ಗುತ್ತದೆ. ಊಟಗಳ ಮಧ್ಯದಲ್ಲಿ ಗುಟುಕು ಗುಟುಕಾಗಿ ಕುಡಿಯಿರಿ. ಅಂಗನವಾಡಿಯ ಮಾತೃಪೂರ್ಣ ಊಟಕ್ಕೆ ಹೋಗುವವರಿಗೆ ಅನ್ನ, ಸಾರು, ಮೊಟ್ಟೆ, ಹಾಲು, ಚಿಕ್ಕಿ ಎಲ್ಲ ಒಂದೇ ಸಲಕ್ಕೆ ಸಿಗುತ್ತದೆ. ಒಳ್ಳೆಯ ಊಟ, ಬಿಡಬೇಡಿ. ಆದರೆ ಗಡಿಬಿಡಿಯಲ್ಲಿ ನುಂಗಬೇಡಿ, ಸ್ವಲ್ಪ ಕೂತು ಹಾಲು, ಚಿಕ್ಕಿಯನ್ನು ಕೊನೆಗೆ ನಿಧಾನಕ್ಕೆ ತೆಗೆದುಕೊಳ್ಳಿ.

ಸೀಮಂತ ಅಥವಾ ಕುಬುಸದ ದಿನ? ಆ ದಿನ ದೇವರೇ ಕಾಪಾಡಬೇಕು. ಪುಳಿಯೋಗರೆ, ಚಿತ್ರಾನ್ನ, ಹೋಳಿಗೆ, ಪಾಯಸ, ಬಂದವರೆಲ್ಲ ಬಾಯಿಗೆ ಒಂದೊಂದು ತುತ್ತು. ಎಲ್ಲದರಲ್ಲೂ ಒಂದು ಚೂರು ತಿಂದು, ಉಳಿದದ್ದನ್ನು ಡಬ್ಬಿಗೆ ಹಾಕಿಸಿಕೊಳ್ಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ರಾತ್ರಿ ಮಲಗಿದ ತಕ್ಷಣ ಶುರು. ನಾಲ್ಕು ದಿಂಬು ಇಟ್ಟರೂ ಆಗ್ತಿಲ್ಲ.

ದಿಂಬು ಜಾಸ್ತಿ ಇಟ್ಟರೆ ಕತ್ತು ಮಾತ್ರ ಮೇಲಕ್ಕೆ ಹೋಗಿ ನಡು ಮಡಚಿಕೊಳ್ಳುತ್ತದೆ. ಹೊಟ್ಟೆ ಇನ್ನೂ ಒತ್ತುತ್ತದೆ, ಜೊತೆಗೆ ಬೆಳಿಗ್ಗೆ ಕತ್ತು ನೋವು ಬೇರೆ. ಸೊಂಟದಿಂದ ಮೇಲೆ ಇಡೀ ಬೆನ್ನು ಇಳಿಜಾರಾಗಿ ಏರಬೇಕು. ಮರದ ಮಂಚ ಇದ್ದರೆ ತಲೆಕಡೆಯ ಎರಡು ಕಾಲಿನ ಕೆಳಗೆ ಎರಡೆರಡು ಇಟ್ಟಿಗೆ ಅಡ್ಡ ಇಡಿ, ಸುಮಾರು 6 ಇಂಚು ಎತ್ತರ ಆಗುತ್ತದೆ. ಮಂಚ ಅಲ್ಲಾಡುತ್ತದೆಯಾ ಅಂತ ಗಂಡನನ್ನು ಮೊದಲು ಮಲಗಿಸಿ ನೋಡಿ. ನೆಲದ ಮೇಲೆ ಮಲಗುವವರು ಹಾಸಿಗೆಯ ಕೆಳಗೆ ಕೌದಿ, ಕಂಬಳಿಗಳನ್ನು ಮೆಟ್ಟಿಲಿನ ಹಾಗೆ ಮಡಚಿ ಇಳಿಜಾರು ಮಾಡಿಕೊಳ್ಳಬಹುದು.

ಆಮೇಲೆ ಎಡಮಗ್ಗುಲು. ನಮ್ಮ ಹೊಟ್ಟೆಯ ಚೀಲ ಎಡಕ್ಕೆ ಬಾಗಿದೆ. ಎಡಕ್ಕೆ ಮಲಗಿದರೆ ಆಸಿಡ್ ಕೆಳಗಿನ ತಗ್ಗಿನಲ್ಲಿ ನಿಲ್ಲುತ್ತದೆ, ಅನ್ನನಾಳದ ಬಾಯಿ ಮೇಲೆ ಉಳಿಯುತ್ತದೆ. ಬಲಕ್ಕೆ ಹೊರಳಿದರೆ ಉಲ್ಟಾ. ಮಗುವಿಗೆ ರಕ್ತ ಹೋಗುವುದಕ್ಕೂ ಪಕ್ಕಕ್ಕೆ ಮಲಗುವುದೇ ಒಳ್ಳೆಯದು. ನಿದ್ದೆಯಲ್ಲಿ ಹೊರಳಿದರೆ ಗಾಬರಿ ಬೇಡ, ಎಚ್ಚರ ಆದಾಗ ಮತ್ತೆ ತಿರುಗಿ. ಬೆನ್ನ ಹಿಂದೆ ಒಂದು ದಿಂಬು ಸಿಕ್ಕಿಸಿದರೆ ಸಾಕು.

ಹಗಲು ಕೆಲಸ ಮಾಡುವಾಗಲೂ ಉರಿ ಬರುತ್ತೆ.

ಲಂಗದ ಲಾಡಿ ನೋಡಿಕೊಳ್ಳಿ. ನಿಜವಾಗಿ! ಸೀರೆ ಉಡುವವರು ಲಾಡಿಯನ್ನು ಹೊಟ್ಟೆಯ ಮೇಲೆ ಬಿಗಿದು ಕಟ್ಟಿದರೆ ಆಸಿಡ್ ಎಲ್ಲಿಗೆ ಹೋಗಬೇಕು? ಹೊಟ್ಟೆಯ ಕೆಳಗೆ ಸಡಿಲವಾಗಿ ಕಟ್ಟಿ, ಅಥವಾ ಎಲಾಸ್ಟಿಕ್ ಹಾಕಿಸಿ. ಲೆಗ್ಗಿಂಗ್ಸ್‌ಗೂ ಇದೇ ಮಾತು. ಊಟ ಆದ ತಕ್ಷಣ ಬಗ್ಗಿ ನೆಲ ಒರೆಸುವುದು, ಪಾತ್ರೆ ತೊಳೆಯಲು ಕುಕ್ಕರಗಾಲಲ್ಲಿ ಕೂರುವುದು ಬೇಡ. ಒಂದು ಗಂಟೆ ಬಿಟ್ಟು ಮಾಡಿ, ಅಥವಾ ಬೇರೆಯವರು ಮಾಡಲಿ.

ತಣ್ಣನೆ ಹಾಲು ಕುಡಿದ್ರೆ ಒಳ್ಳೇದಾ? ಎಳನೀರು, ಜೀರಿಗೆ ಕಷಾಯ?

ಹಾಲು ಇಳಿಯುವಾಗ ಹಾಯೆನಿಸುತ್ತದೆ. ಆದರೆ ಗಟ್ಟಿ ಹಾಲು ಜಾಸ್ತಿ ಕುಡಿದರೆ ಸ್ವಲ್ಪ ಹೊತ್ತಿನ ಮೇಲೆ ಹೊಟ್ಟೆ ಇನ್ನಷ್ಟು ಆಸಿಡ್ ಬಿಡುತ್ತದೆ. ಕೆನೆ ತೆಗೆದ, ಕಾಯಿಸಿ ಆರಿಸಿದ ಹಾಲು ಅರ್ಧ ಲೋಟ ಸಾಕು. ಎಳನೀರು, ನೀರು ಮಜ್ಜಿಗೆ ಹಿತ ಅನಿಸಿದರೆ ಕುಡಿಯಿರಿ. ಅಡುಗೆಗೆ ಹಾಕುವಷ್ಟು ಜೀರಿಗೆ, ಸೋಂಪು ತೊಂದರೆ ಇಲ್ಲ. ಶುಂಠಿ ವಾಕರಿಕೆಗೆ ಒಳ್ಳೆಯದು, ಜಾಸ್ತಿ ಆದರೆ ಅದೇ ಎದೆ ಉರಿಸುತ್ತದೆ.

ಅತಿಮಧುರದ ಬಗ್ಗೆ ಮಾತ್ರ ಜೋಪಾನ. ಅಂಗಡಿಯಲ್ಲಿ ಜ್ಯೇಷ್ಠಮಧು ಅಂತಲೂ ಕೊಡುತ್ತಾರೆ. ಗಂಟಲಿಗೆ, ಪಿತ್ತಕ್ಕೆ ಅಂತ ಎಲ್ಲರೂ ಕೊಡುವ ಬೇರು ಅದು, ಆದರೆ ಬಿಪಿ ಏರಿಸುತ್ತದೆ, ಬಸುರಿಯರು ಜಾಸ್ತಿ ತಿನ್ನಬಾರದು ಅಂತಲೇ ಸಲಹೆ ಇದೆ. ಹೆಸರಿಲ್ಲದ ಪುಡಿ, ಚೂರ್ಣಗಳನ್ನು ಆಯುರ್ವೇದ ಅಂದ ಮಾತ್ರಕ್ಕೆ ನಂಬಬೇಡಿ. ಊಟ ಆದ ಮೇಲೆ ಜೀರ್ಣಕ್ಕೆ ಅಂತ ಎಲೆಅಡಿಕೆ ಹಾಕುವ ಅಭ್ಯಾಸ ಇದ್ದರೆ ಈ ಒಂಬತ್ತು ತಿಂಗಳಾದರೂ ಅಡಿಕೆ ಬಿಡಿ, ಹೊಗೆಸೊಪ್ಪು ಅಂತೂ ಯಾವತ್ತಿಗೂ ಬೇಡ.

ಈನೋ ಹಾಕ್ಕೊಂಡು ಕುಡಿಯಬಹುದಾ? ಅಡುಗೆ ಸೋಡಾ?

ಬೇಡ. ಮೊದಲನೇ ಬಸುರಿನಲ್ಲಿ ಒಂದು ರಾತ್ರಿ ತಡೆಯಲಾರದೆ ಮೆಡಿಕಲ್ ಶಾಪಿಗೆ ಗಂಡನನ್ನು ಕಳಿಸಿದ್ದೆ, ಬಸುರಿಗೆ ಅಂತ ಹೇಳಿದರೂ ಅಂಗಡಿಯವರು ಅದನ್ನೇ ಕೊಟ್ಟು ಕಳಿಸಿದ್ದರು. ಮರುದಿನ ಡಾಕ್ಟರಮ್ಮ ಬೈದರು. ಇವೆರಡರಲ್ಲೂ ಇರುವುದು ಸೋಡಿಯಂ ಬೈಕಾರ್ಬೊನೇಟ್. ಸೋಡಿಯಂ ಜಾಸ್ತಿ ಆದರೆ ಮೈಯಲ್ಲಿ ನೀರು ನಿಲ್ಲುತ್ತದೆ, ಮೊದಲೇ ಕಾಲು ಊದಿರುವವರಿಗೆ, ಬಿಪಿ ಇರುವವರಿಗೆ ಇನ್ನೂ ಕೆಟ್ಟದ್ದು. ಗೋಲಿ ಸೋಡಾ ಕುಡಿದು ತೇಗಿದರೆ ಹಗುರ ಅನ್ನಿಸಬಹುದು, ಆದರೆ ಆ ತೇಗಿನ ಜೊತೆಗೇ ಆಸಿಡ್ಡೂ ಮೇಲೆ ಬರುತ್ತದೆ.

ಹಾಗಾದ್ರೆ ಯಾವ ಔಷಧಿ ತಗೊಳ್ಳಬಹುದು?

ಡಾಕ್ಟರ್ ಹತ್ತಿರ ಒಂದು ಸಲ ಕೇಳಿ ಬರೆಸಿಕೊಳ್ಳಿ. ಆಮೇಲೆ ಮನೆಯಲ್ಲಿ ಇಟ್ಟುಕೊಳ್ಳಬಹುದು. ಸಾಮಾನ್ಯವಾಗಿ ಮೊದಲು ಕೊಡುವುದು ಆಂಟಾಸಿಡ್, ಅಂದರೆ ಹೊಟ್ಟೆಯ ಆಸಿಡ್ ಮುರಿಯುವ ಔಷಧಿ. ಡೈಜಿನ್, ಜೆಲುಸಿಲ್ ಥರದವುಗಳಲ್ಲಿ ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಇರುತ್ತವೆ. ಒಂದು ಮಲಬದ್ಧತೆ ತರುತ್ತದೆ, ಇನ್ನೊಂದು ಭೇದಿ ಮಾಡಿಸುತ್ತದೆ, ಎರಡೂ ಸೇರಿ ಸರಿಹೋಗಲಿ ಅನ್ನುವ ಲೆಕ್ಕ. ಗ್ಯಾವಿಸ್ಕಾನ್ ಥರದ್ದು ಬೇರೆ ರೀತಿ: ಹೊಟ್ಟೆಯಲ್ಲಿರುವುದರ ಮೇಲೆ ನೊರೆಯ ಹೊದಿಕೆಯ ಹಾಗೆ ತೇಲಿ ಆಸಿಡ್ ಮೇಲೆ ಬರದಂತೆ ತಡೆಯುತ್ತದೆ. ಅದಕ್ಕೇ ಅದನ್ನು ಊಟ ಆದ ಮೇಲೆ ಮತ್ತು ಮಲಗುವ ಮುಂಚೆ ತೆಗೆದುಕೊಳ್ಳಬೇಕು. ಬಿಪಿ ಇದ್ದರೆ ಅದರಲ್ಲಿರುವ ಸೋಡಿಯಂ ಬಗ್ಗೆ ಕೇಳಿ. ಸಕ್ಕರೆ ಕಾಯಿಲೆ ಇದ್ದರೆ ಸಕ್ಕರೆ ಹಾಕದ ಸಿರಪ್ ಕೇಳಿ.

ಇದಕ್ಕೂ ಬಗ್ಗದಿದ್ದರೆ ಡಾಕ್ಟರ್ ಆಸಿಡ್ ಹುಟ್ಟುವುದನ್ನೇ ಕಡಿಮೆ ಮಾಡುವ ಫಾಮೋಟಿಡಿನ್, ಪ್ಯಾಂಟೊಪ್ರಜೋಲ್ ಅಥವಾ ಒಮೆಪ್ರಜೋಲ್ ಬರೆಯುತ್ತಾರೆ. ಪ್ಯಾಂಟೊಪ್ರಜೋಲ್ ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಬೇಕು. ಉರಿ ಬಂದಾಗ ಚಪ್ಪರಿಸುವ ಮಾತ್ರೆ ಅಲ್ಲ ಅದು. ಮನೆಯ ಡಬ್ಬಿಯಲ್ಲಿರುವ ಹಳೇ ರಾಂಟ್ಯಾಕ್ ಬೇಡ. ಅದರಲ್ಲಿರುವ ರಾನಿಟಿಡಿನ್‌ನಲ್ಲಿ ಕ್ಯಾನ್ಸರ್‌ಗೆ ಕಾರಣವಾಗಬಹುದಾದ ಕಲ್ಮಶದ ಸಂಶಯ ಬಂದು 2020ರಲ್ಲಿ ಅಮೆರಿಕದ ಅಂಗಡಿಗಳಿಂದ ಅದನ್ನು ತೆಗೆಸಿದರು. 2022ರಲ್ಲಿ ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಿಂದಲೂ ಹೋಯಿತು.

ಐರನ್ ಮಾತ್ರೆ ತಿಂದಾಗಲೇ ಉರಿ ಜಾಸ್ತಿ. ಬಿಟ್ಟುಬಿಡಲಾ?

ಬಿಡಬೇಡಿ. ಆಶಾ ಕಾರ್ಯಕರ್ತೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇದೆ, ಬಸುರಿನಲ್ಲಿ 180 ದಿನ ತಿನ್ನಬೇಕು. ರಕ್ತ ಕಡಿಮೆ ಇದ್ದು ಹೆರಿಗೆಗೆ ಹೋಗುವುದು ಎದೆಯುರಿಗಿಂತ ಎಷ್ಟೋ ಅಪಾಯ.

ಎಷ್ಟೋ ಜನ ಮಾಡುವ ತಪ್ಪು ಏನು ಗೊತ್ತಾ? ಮಲಗುವ ಹೊತ್ತಿಗೆ ಎರಡು ಗುಟುಕು ನೀರಲ್ಲಿ ಮಾತ್ರೆ ನುಂಗಿ ಅಲ್ಲೇ ಅಡ್ಡಾಗುವುದು. ಮಾತ್ರೆ ಅನ್ನನಾಳದಲ್ಲೇ ಸಿಕ್ಕಿಕೊಂಡು ಅಲ್ಲೇ ಸುಡುತ್ತದೆ. ಊಟ ಆಗಿ ಒಂದು ಗಂಟೆ ಬಿಟ್ಟು, ಒಂದು ಲೋಟ ತುಂಬ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಎದ್ದಿರಿ. ಆಂಟಾಸಿಡ್‌ಗೂ ಐರನ್‌ಗೂ ಕನಿಷ್ಠ ಎರಡು ಗಂಟೆ ಅಂತರ ಇರಲಿ, ಇಲ್ಲದಿದ್ದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆ, ಟೀ, ಕಾಫಿ, ಹಾಲಿಗೂ ಇದೇ ನಿಯಮ. ಕಬ್ಬಿಣ ಚೆನ್ನಾಗಿ ಹತ್ತಲಿ ಅಂತ ನಿಂಬೆರಸದ ಜೊತೆ ತಗೋ ಅಂತಾರೆ, ನಿಂಬೆ ಉರಿಸುತ್ತದೆ ಅಂದರೆ ಮಾತ್ರೆಯ ಹೊತ್ತಿಗೆ ಒಂದು ಸೀಬೆಹಣ್ಣು ತಿನ್ನಿ, ಅದರಲ್ಲೂ ವಿಟಮಿನ್ ಸಿ ಧಾರಾಳ ಇದೆ.

ಸಂಕಷ್ಟಿ, ಏಕಾದಶಿ ಉಪವಾಸ ಮಾಡಬಹುದಾ?

ಖಾಲಿ ಹೊಟ್ಟೆಯಲ್ಲೂ ಆಸಿಡ್ ಬರುತ್ತಲೇ ಇರುತ್ತದೆ. ದಿನವಿಡೀ ಏನೂ ತಿನ್ನದೆ, ಚಂದ್ರ ಬಂದ ಮೇಲೆ ಒಟ್ಟಿಗೆ ಉಂಡು ಮಲಗಿದರೆ ಆ ರಾತ್ರಿ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ. ಬಸುರಿಗೆ ಉಪವಾಸದಿಂದ ರಿಯಾಯಿತಿ ಇದೆ ಅಂತ ಹಿರಿಯರೇ ಹೇಳುತ್ತಾರೆ. ಗ್ರಹಣದ ದಿನವೂ ಹಸಿವಾದರೆ ತಿನ್ನಿ, ಮಗುವಿಗೆ ಏನೂ ಆಗುವುದಿಲ್ಲ.

ಯಾವಾಗ ಆಸ್ಪತ್ರೆಗೆ ಓಡಬೇಕು?

ಇಲ್ಲಿ ನಿಧಾನವಾಗಿ ಓದಿ. 20 ವಾರ ದಾಟಿದ ಮೇಲೆ ಬಲಪಕ್ಕೆಲುಬಿನ ಕೆಳಗೆ ಅಥವಾ ಹೊಟ್ಟೆಯ ಮೇಲ್ಭಾಗದ ನಡುವೆ ಬಿಡದ ನೋವು, ಆಂಟಾಸಿಡ್ ಕುಡಿದರೂ ಜಗ್ಗದ ನೋವು ಬಂದರೆ ಅದನ್ನು ಗ್ಯಾಸ್ಟ್ರಿಕ್ ಅನ್ನಬೇಡಿ. ಜೊತೆಗೆ ತಲೆ ಸಿಡಿಯುವುದು, ಕಣ್ಣು ಮಂಜಾಗುವುದು ಅಥವಾ ಮಿಂಚು ಕಂಡ ಹಾಗಾಗುವುದು, ಮುಖ ಮತ್ತು ಕೈ ದಿಢೀರ್ ಊದುವುದು, ಮತ್ತೆ ಶುರುವಾದ ವಾಂತಿ ಇದ್ದರಂತೂ ಬೆಳಗಾಗಲಿ ಅಂತ ಕಾಯಬೇಡಿ. ಇದು ಪ್ರಿಎಕ್ಲಾಂಪ್ಸಿಯಾ ಇರಬಹುದು, ಅಂದರೆ ಬಸುರಿನ ಬಿಪಿ ಕಾಯಿಲೆ. ನೋವು ಬರುವುದು ಲಿವರ್ ಊದಿಕೊಂಡು. ಬಿಪಿ 140/90 ಅಥವಾ ಅದಕ್ಕಿಂತ ಮೇಲೆ ಇದ್ದರೆ ಅಪಾಯದ ಗಂಟೆ. ತಾಯಿಗೆ ಫಿಟ್ಸ್ ಬರಬಹುದು. ಹೆರಿಗೆ ಆದ ಮೇಲೂ ಮೊದಲ ಆರು ವಾರ ಇದು ಬರುವ ಸಾಧ್ಯತೆ ಇದೆ. ವಾಹನ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ, ತಾಯಿ ಕಾರ್ಡ್ ಕೈಯಲ್ಲಿ ಹಿಡಿದು ಹೊರಡಿ.

ರಕ್ತ ವಾಂತಿ, ಕಾಫಿಪುಡಿಯಂಥ ವಾಂತಿ, ನುಂಗಲು ಕಷ್ಟ, ತೂಕ ಇಳಿಯುವುದು, ಎದೆನೋವು ತೋಳಿಗೋ ದವಡೆಗೋ ಹಬ್ಬಿ ಉಸಿರು ಕಟ್ಟುವುದು, ಇವಕ್ಕೂ ತಕ್ಷಣ ತೋರಿಸಬೇಕು. ಮಲ ಟಾರಿನ ಹಾಗೆ ಕಪ್ಪಗೆ, ಅಂಟಂಟಾಗಿ ಬಂದರೂ ಅಷ್ಟೇ. ಐರನ್ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಅದಕ್ಕೆ ಗಾಬರಿ ಬೇಡ, ಆದರೆ ಅನುಮಾನ ಬಂದರೆ ಕೇಳಿಬಿಡಿ. ಕರಿದದ್ದು ತಿಂದಾಗೆಲ್ಲ ಬಲಗಡೆ ಹಿಡಿದು ಬೆನ್ನಿಗೆ ಹೋಗುವ ನೋವು ಪಿತ್ತಕೋಶದ ಕಲ್ಲೂ ಆಗಿರಬಹುದು.

ತುರ್ತಿಲ್ಲದ್ದನ್ನು ತಿಂಗಳ ತಪಾಸಣೆಯಲ್ಲಿ ಕೇಳಿ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ಡಾಕ್ಟರ್ ಉಚಿತವಾಗಿ ನೋಡುತ್ತಾರೆ. ಅಲ್ಲಿ ಎದೆಯುರಿ ಅಂತ ಹೇಳಲು ನಾಚಿಕೆ ಪಡಬೇಡಿ.

ಹೆರಿಗೆ ಆದ್ಮೇಲೆ ಹೋಗುತ್ತಾ?

ಬಹುಪಾಲು ಜನರಿಗೆ ಬೇಗ ಹೋಗುತ್ತದೆ. ಒತ್ತುವ ಗರ್ಭಕೋಶ ಇಲ್ಲ, ಹಾರ್ಮೋನೂ ಇಳಿಯುತ್ತದೆ. ನನಗೆ ಎರಡನೇ ಹೆರಿಗೆ ಆದ ರಾತ್ರಿಯೇ ಚಪ್ಪಟೆಯಾಗಿ ಮಲಗಲು ಆಯಿತು, ಮಗು ಮಲಗಲು ಬಿಡಲಿಲ್ಲ ಅನ್ನುವುದು ಬೇರೆ ಮಾತು. ಆಮೇಲೆ ಬಾಣಂತನದ ಮೆಣಸಿನ ಸಾರು, ಬೆಳ್ಳುಳ್ಳಿ, ಮೇಲೆ ಸೌಟುಗಟ್ಟಲೆ ತುಪ್ಪ ಶುರುವಾದಾಗ ನಾಲ್ಕನೇ ದಿನ ಮತ್ತೆ ಉರಿಯಿತು. ಅಮ್ಮನಿಗೆ ಹೇಳಿ ತುಪ್ಪ ಕಡಿಮೆ ಮಾಡಿಸಿದೆ. ಮೆಣಸು ಕಡಿಮೆ ಮಾಡಿಸಲು ಮಾತ್ರ ಆಗಲಿಲ್ಲ.